ಬಿ.ಎಚ್. ರಸ್ತೆಯಲ್ಲಿ ನಾನೂರು ಕುದುರೆ

ಶಿವಮೊಗ್ಗದ ನಡುವೆ ಹಾದುಹೋಗುವ ಬಿ.ಎಚ್. ರಸ್ತೆಯ ಹೆಸರು ದಿನವೂ ಊರಿನವರ ಬಾಯಲ್ಲಿ ಬರುತ್ತದೆ. ಆದರೆ ಆ ಎರಡು ಅಕ್ಷರಗಳ ಅರ್ಥವನ್ನು ನೆನಪಿಟ್ಟುಕೊಂಡವರು ಕಡಿಮೆ. ಬಿ ಎಂದರೆ ಬೆಂಗಳೂರು, ಎಚ್ ಎಂದರೆ ಹೊನ್ನಾವರ. ರಾಜಧಾನಿಯಿಂದ ಕಡಲಿಗೆ ಹೊರಟ ಈ ಹಳೆಯ ರಸ್ತೆ ಭದ್ರಾವತಿಯಲ್ಲಿ ಭದ್ರಾ ನದಿಯನ್ನೂ ಶಿವಮೊಗ್ಗದಲ್ಲಿ ತುಂಗಾ ನದಿಯನ್ನೂ ದಾಟುತ್ತದೆ. ಎರಡು ಊರುಗಳ ನಡುವಿನ ದೂರ ಇಪ್ಪತ್ತು ಕಿಲೋಮೀಟರು ದಾಟದು. ಕಾರ್ಖಾನೆಯ ಕೆಲಸಗಾರರು, ವಿದ್ಯಾರ್ಥಿಗಳು, ಅಡಿಕೆ ವ್ಯಾಪಾರಿಗಳು, ಕಬ್ಬು ಭತ್ತ ಹೊತ್ತ ಟ್ರ್ಯಾಕ್ಟರುಗಳು, ನಿಂತು ನಿಂತು ಹೋಗುವ ಬಸ್ಸುಗಳು, ಎಲ್ಲಕ್ಕೂ ಇದೇ ದಾರಿ.

ಅಮೆರಿಕದ ಬಲಿಷ್ಠ ಸ್ಪೋರ್ಟ್ಸ್ ಕಾರೊಂದನ್ನು ದಿನಬಳಕೆಗೆ ಇಟ್ಟುಕೊಳ್ಳಬಹುದೆ? ಮೋಟಾರು ಪತ್ರಿಕೆಗಳು ಈ ಪ್ರಶ್ನೆಯನ್ನು ಪದೇಪದೇ ಎತ್ತುತ್ತವೆ. ನಿಂತ ಸ್ಥಿತಿಯಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಎಷ್ಟು ಸೆಕೆಂಡು ಬೇಕು ಎಂಬುದರಿಂದ ಅವುಗಳ ಪರೀಕ್ಷೆ ಆರಂಭವಾಗುತ್ತದೆ. ಶಿವಮೊಗ್ಗ-ಭದ್ರಾವತಿಯ ದಾರಿ ಇನ್ನೊಂದು ಬಗೆಯ ಪರೀಕ್ಷೆ ಮಾಡುತ್ತದೆ. ಆ ಪರೀಕ್ಷೆಯನ್ನು ಅರಿಯಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು. ಏಕೆಂದರೆ ನಮ್ಮ ರಸ್ತೆಗಳಿಗೆ ಅಮೆರಿಕದ ಕಾರು ಹೊಸಬನಲ್ಲ. ಒಂದು ಕಾಲಕ್ಕೆ ಇಂಥ ರಸ್ತೆಗಳಿಗೆ ಅತ್ಯಂತ ತಕ್ಕ ಕಾರೆಂದರೆ ಅಮೆರಿಕದ್ದೇ ಆಗಿತ್ತು.

ಕೆಟ್ಟ ರಸ್ತೆಯ ಕೂಸು

ಹೆನ್ರಿ ಫೋರ್ಡ್ 1908ರಲ್ಲಿ ಮಾಡೆಲ್ ಟಿ ಕಾರನ್ನು ಹೊರತಂದಾಗ ಅಮೆರಿಕದ ಹಳ್ಳಿಗಾಡಿನ ರಸ್ತೆಗಳ ಬಹುಪಾಲು ಮಣ್ಣಿನವು. ಮಳೆ ಬಂದರೆ ಗಾಲಿ ಅಚ್ಚಿನವರೆಗೆ ಹೂತುಹೋಗುತ್ತಿತ್ತು. ಆದ್ದರಿಂದ ಫೋರ್ಡ್ ಕಾರಿನ ಹೊಟ್ಟೆಯನ್ನು ನೆಲದಿಂದ ಸುಮಾರು 10 ಅಂಗುಲ ಮೇಲಕ್ಕೆತ್ತಿ ಕೂರಿಸಿದ. ಹಗುರವಾದರೂ ಗಟ್ಟಿಯಾದ ವನೇಡಿಯಂ ಉಕ್ಕನ್ನು ಬಳಸಿದ. ಅಡ್ಡಕ್ಕೆ ಜೋಡಿಸಿದ ಸ್ಪ್ರಿಂಗುಗಳಿಂದಾಗಿ ಒಂದು ಗಾಲಿ ಗುಂಡಿಗಿಳಿದರೂ ಉಳಿದ ಮೂರು ನೆಲ ಬಿಡುತ್ತಿರಲಿಲ್ಲ. ಎಂಜಿನ್ನು 2.9 ಲೀಟರಿನಷ್ಟು ದೊಡ್ಡದು, ಶಕ್ತಿ ಮಾತ್ರ 20 ಕುದುರೆಯದು. ಇಂದಿನ ಸಣ್ಣ ಕಾರುಗಳ ಶಕ್ತಿಯ ಅರ್ಧವೂ ಅಲ್ಲ. ಆದರೂ 1927ರವರೆಗೆ ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳು ತಯಾರಾದವು.

ಅದರ ಕೊರತೆಗಳೂ ಸ್ವಾರಸ್ಯಕರ. ಪೆಟ್ರೋಲು ತೊಟ್ಟಿಯಿಂದ ಎಂಜಿನ್ನಿಗೆ ತನ್ನ ಭಾರದಿಂದಲೇ ಇಳಿದು ಬರಬೇಕಿತ್ತು. ತೊಟ್ಟಿ ಅರ್ಧ ಖಾಲಿಯಾಗಿ ಏರು ಕಡಿದಾಗಿದ್ದರೆ ಎಂಜಿನ್ನು ಉಸಿರು ಕಟ್ಟಿ ನಿಲ್ಲುತ್ತಿತ್ತು. ಆಗ ಚಾಲಕರು ಕಾರನ್ನು ತಿರುಗಿಸಿ ಹಿಮ್ಮುಖವಾಗಿಯೇ ಏರು ಹತ್ತಿಸುತ್ತಿದ್ದರು! ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯನ್ನು ನೋಡಿದವರಿಗೆ ಈ ಸಾಹಸದ ರುಚಿ ತಿಳಿದೀತು.

ಆಳುವವರು ಬ್ರಿಟಿಷರಾದರೂ ಇಪ್ಪತ್ತರ ದಶಕದಲ್ಲಿ ಭಾರತಕ್ಕೆ ಬಂದ ಮೋಟಾರುಗಳ ಬಹುಪಾಲು ಅಮೆರಿಕ ಮತ್ತು ಕೆನಡಾದವು. ಕಾರಣ ಒಂದು ತೆರಿಗೆಯಲ್ಲಿದೆ. ಬ್ರಿಟನ್ನಿನಲ್ಲಿ 1921ರಿಂದ ಪ್ರತಿ ಕುದುರೆಶಕ್ತಿಗೆ ಒಂದು ಪೌಂಡಿನಂತೆ ವಾರ್ಷಿಕ ತೆರಿಗೆ ವಿಧಿಸಲಾಯಿತು. ಈ ಕುದುರೆಶಕ್ತಿಯನ್ನು ಲೆಕ್ಕ ಹಾಕುತ್ತಿದ್ದುದು ಸಿಲಿಂಡರಿನ ಅಗಲದ ಮೇಲೆ. ಹಾಗಾಗಿ ಅಲ್ಲಿನವರು ಕಿರಿದಾದ ಸಿಲಿಂಡರುಗಳ ಸಣ್ಣ ಎಂಜಿನ್ನುಗಳಿಗೆ ಒಗ್ಗಿಕೊಂಡರು. ಅಮೆರಿಕದಲ್ಲಿ ಪೆಟ್ರೋಲು ಅಗ್ಗ, ಅಂಥ ತೆರಿಗೆಯಿಲ್ಲ. ಅಲ್ಲಿನ ಎಂಜಿನ್ನು ದೊಡ್ಡದು, ನಿಧಾನವಾಗಿ ತಿರುಗಿದರೂ ಸೆಳೆತ ಬಿಡದು. ಪದೇಪದೇ ಗೇರು ಬದಲಿಸಬೇಕಿಲ್ಲ. ಧೂಳು, ಕೆಸರು, ಏರು ತುಂಬಿದ ನಾಡಿಗೆ ಇದೇ ಬೇಕಾಗಿತ್ತು. ಫೋರ್ಡ್ 1926ರಲ್ಲಿ, ಜನರಲ್ ಮೋಟಾರ್ಸ್ 1928ರಲ್ಲಿ ಭಾರತದಲ್ಲಿ ತಮ್ಮ ಶಾಖೆ ತೆರೆದವು.

ಭದ್ರಾವತಿಯ ಕಬ್ಬಿಣ, ಬೆಂಗಳೂರಿನ ಕನಸು

ಇದೇ ಹೊತ್ತಿಗೆ ಅಮೆರಿಕದ ತಾಂತ್ರಿಕ ಜ್ಞಾನ ಇನ್ನೊಂದು ದಾರಿಯಿಂದ ಭದ್ರಾವತಿಗೆ ಬಂದಿತ್ತು. ಬೆಂಕಿಪುರವೆಂಬ ಹಳೆಯ ಹೆಸರಿನ ಆ ಊರಿನಲ್ಲಿ ಮೈಸೂರು ಸರ್ಕಾರ ಕಟ್ಟಿಸಿದ ಕಬ್ಬಿಣದ ಕಾರ್ಖಾನೆಗೆ ನ್ಯೂಯಾರ್ಕಿನ ಪೆರಿನ್ ಮತ್ತು ಮಾರ್ಷಲ್ ಸಂಸ್ಥೆ ಸಲಹೆಗಾರನಾಗಿತ್ತು. ಜಮಶೇದಪುರದ ಟಾಟಾ ಕಾರ್ಖಾನೆಗೆ ನೆರವಾದ ಚಾರ್ಲ್ಸ್ ಪೇಜ್ ಪೆರಿನ್ ಈ ಸಂಸ್ಥೆಯವನೇ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ಸೇರಿ 1923ರಲ್ಲಿ ಇಲ್ಲಿ ಕಬ್ಬಿಣ ಕರಗಿತು. ನಷ್ಟದ ಭಯದಿಂದ ತತ್ತರಿಸುತ್ತಿದ್ದ ಕಾರ್ಖಾನೆಯ ಹೊಣೆಯನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಹೊತ್ತುಕೊಂಡರು. 1936ರಲ್ಲಿ ಉಕ್ಕಿನ ಘಟಕವೂ ಸೇರಿತು.

ಕಬ್ಬಿಣ ಕೈಗೆ ಬಂದ ಮೇಲೆ ಮೋಟಾರು ತಯಾರಿಸಬಾರದೇಕೆ? ಈ ಪ್ರಶ್ನೆಯನ್ನು ಬೆನ್ನಟ್ಟಿ ವಿಶ್ವೇಶ್ವರಯ್ಯನವರು 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು ಮತ್ತು ಅಮೆರಿಕಗಳಿಗೆ ಹೋಗಿ ಮೋಟಾರು ಉದ್ಯಮವನ್ನು ಅಭ್ಯಸಿಸಿ ಬಂದರು. ಅವರ ಯೋಜನೆಯನ್ನು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಗೆತ್ತಿಕೊಂಡರು. ಅಮೆರಿಕದ ಕ್ರೈಸ್ಲರ್ ಸಂಸ್ಥೆಯೊಡನೆ ಮಾತುಕತೆಯಾಯಿತು. ಕಾರ್ಖಾನೆಯನ್ನು ಬೆಂಗಳೂರಿಗೆ ತರಲು ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರ ಒಲವು ತೋರಿತು. ಆದರೆ ಯುದ್ಧಕಾಲದ ಬ್ರಿಟಿಷ್ ಸರ್ಕಾರದ ಬೆಂಬಲ ಈ ಉದ್ಯಮಕ್ಕೆ ದೊರೆಯಲಿಲ್ಲ. 1940ರಲ್ಲಿ ವಾಲ್‌ಚಂದರು ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪಿಸಿದರು. ಕಾರಿನ ಕಾರ್ಖಾನೆ ಮಾತ್ರ 1944ರಲ್ಲಿ ಪ್ರೀಮಿಯರ್ ಎಂಬ ಹೆಸರಿನಲ್ಲಿ ಮುಂಬಯಿಯ ಪಾಲಾಯಿತು. ವಿಮಾನ ಬೆಂಗಳೂರಿಗೆ, ಕಾರು ಮುಂಬಯಿಗೆ! ಭದ್ರಾವತಿಯ ಉಕ್ಕಿಗೆ ಕನ್ನಡನಾಡಿನಲ್ಲೇ ಒಂದು ಕಾರು ಸಿಗುವ ಅವಕಾಶ ಹೀಗೆ ಕೈತಪ್ಪಿತು.

ಜೀಪು ಉಳಿಯಿತು, ದೊಡ್ಡ ಕಾರು ಅಳಿಯಿತು

ಪ್ರೀಮಿಯರ್ ಸಂಸ್ಥೆ 1947ರಿಂದ ಕ್ರೈಸ್ಲರ್ ಬಳಗದ ಡಾಡ್ಜ್, ಪ್ಲಿಮತ್, ಡಿಸೊಟೊ ಕಾರುಗಳನ್ನು ಜೋಡಿಸತೊಡಗಿತು. ಅಷ್ಟು ಹೊತ್ತಿಗೆ ಅಮೆರಿಕದ ಕಾರು ಬದಲಾಗಿತ್ತು. ಅದು ಅಗಲವಾಗಿ, ತೂಕವಾಗಿ, ನೆಲಕ್ಕೆ ಹತ್ತಿರವಾಗಿ ಬೆಳೆದಿತ್ತು. ಪೆಟ್ರೋಲು ದುಬಾರಿಯಾದ ಬಡ ದೇಶದಲ್ಲಿ ಅದನ್ನು ಸಾಕುವುದು ಕಷ್ಟವಾಯಿತು. ಬಿಡಿಭಾಗಗಳನ್ನು ತಂದು ಜೋಡಿಸಿದರೆ ಸಾಲದು, ಇಲ್ಲೇ ತಯಾರಿಸಬೇಕೆಂದು 1953ರಲ್ಲಿ ಕೇಂದ್ರ ಸರ್ಕಾರ ನೀತಿ ಬಿಗಿಗೊಳಿಸಿದಾಗ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಜಾಗ ಖಾಲಿ ಮಾಡಿದವು. ಮುಂದಿನ ಮೂರು ದಶಕ ರಸ್ತೆ ಆಳಿದ್ದು ಅಂಬಾಸಡರ್ ಮತ್ತು ಫಿಯೆಟ್.

ಆದರೆ ಅಮೆರಿಕದ ಒಂದು ವಾಹನ ಮಲೆನಾಡನ್ನು ಬಿಟ್ಟುಹೋಗಲಿಲ್ಲ. ಅದೇ ಜೀಪು. ಎರಡನೆಯ ಮಹಾಯುದ್ಧಕ್ಕಾಗಿ ಹುಟ್ಟಿದ ವಿಲ್ಲೀಸ್ ಜೀಪನ್ನು 1947ರಿಂದ ಮಹೀಂದ್ರ ಸಂಸ್ಥೆ ಭಾರತದಲ್ಲಿ ಜೋಡಿಸಿತು. ಅದರ ಶಕ್ತಿ 60 ಕುದುರೆ. ನಾಲ್ಕೂ ಗಾಲಿಗೆ ಚಾಲನೆ, ನೆಲದಿಂದ ಹೊಟ್ಟೆಗೆ ಸುಮಾರು 220 ಮಿಲಿಮೀಟರ್ ಅಂತರ. ಅರಣ್ಯ ಇಲಾಖೆಯವರು, ಎಂಜಿನಿಯರುಗಳು, ತೋಟದ ಮಾಲೀಕರು ಅದನ್ನು ಅಪ್ಪಿಕೊಂಡರು. ಅಡಿಕೆ ಮೂಟೆ, ಗೊಬ್ಬರ, ಬಾಣಂತಿ, ಮದುವೆಯ ದಿಬ್ಬಣ, ಎಲ್ಲವನ್ನೂ ಅದು ಹೊತ್ತಿದೆ. ಅದರಲ್ಲಿ ಸುಖವಿರಲಿಲ್ಲ, ವೇಗವಿರಲಿಲ್ಲ. ಜಡಿಮಳೆಯ ಆಷಾಢದಲ್ಲಿ ಹೊರಟವರು ಮನೆ ತಲುಪುತ್ತಾರೆಂಬ ನಂಬಿಕೆಯಿತ್ತು.

ಹೆದ್ದಾರಿ ಹೆತ್ತ ಕುದುರೆ

ಅತ್ತ ಅಮೆರಿಕದಲ್ಲಿ ಕೆಸರಿನ ರಸ್ತೆಗಳು ಮಾಯವಾಗುತ್ತಿದ್ದವು. 1956ರ ಕಾಯಿದೆಯೊಂದು 41,000 ಮೈಲಿ ಉದ್ದದ ಹೆದ್ದಾರಿ ಜಾಲಕ್ಕೆ ದಾರಿ ಮಾಡಿತು. ಅಡ್ಡರಸ್ತೆಯಿಲ್ಲದ, ಉಬ್ಬುತಗ್ಗಿಲ್ಲದ ಆ ರಸ್ತೆಗಳ ಕಾಲದಲ್ಲಿ ಬಲದ ಕಾರುಗಳು ಬೆಳೆದವು. 1953ರಲ್ಲಿ ಹುಟ್ಟಿದ್ದ ಕಾರ್ವೆಟ್ ಕಾರಿಗೆ 1955ರಲ್ಲಿ ಎಂಟು ಸಿಲಿಂಡರಿನ ವಿ-8 ಎಂಜಿನ್ನು ಬಂತು. 1964ರ ಏಪ್ರಿಲ್ 17ರಂದು ಫೋರ್ಡ್ ಸಂಸ್ಥೆ ಮಸ್ಟ್ಯಾಂಗ್ ಕಾರನ್ನು ಬಿಡುಗಡೆ ಮಾಡಿತು. ಮಸ್ಟ್ಯಾಂಗ್ ಎಂದರೆ ಅಮೆರಿಕದ ಬಯಲಿನಲ್ಲಿ ತಿರುಗುವ ಕಾಡುಕುದುರೆ. ಹೆಸರು ಕಾಡಿನದಾದರೂ ಅದರ ಒಡಲು ಫಾಲ್ಕನ್ ಎಂಬ ಸಾಧಾರಣ ಸಂಸಾರದ ಕಾರಿನದು. ಮೊದಲ ವರ್ಷದಲ್ಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಕಾರು ಮಾರಾಟವಾದವು. ಅಗ್ಗದ ಮಾದರಿಯ ಎಂಜಿನ್ನು 101 ಕುದುರೆಯದು ಎಂಬುದನ್ನು ಮರೆಯಬಾರದು. ದಿನವೂ ಕಚೇರಿಗೆ ಹೋಗಿಬರುವ ಗುಮಾಸ್ತನಿಗೂ ಅದು ನಿಲುಕುತ್ತಿತ್ತು.

ಭಾರತಕ್ಕೆ ಮಸ್ಟ್ಯಾಂಗ್ ಅಧಿಕೃತವಾಗಿ ಬಂದದ್ದು 2016ರಲ್ಲಿ. ಆರನೆಯ ತಲೆಮಾರಿನ ಈ ಕಾರಿಗೆ ಬಲಗಡೆಯ ಸ್ಟಿಯರಿಂಗನ್ನು ಕಾರ್ಖಾನೆಯಲ್ಲೇ ಕೂರಿಸಲಾಗಿತ್ತು. 5 ಲೀಟರಿನ ವಿ-8 ಎಂಜಿನ್ನು, ಸುಮಾರು 400 ಕುದುರೆ ಶಕ್ತಿ. ಬೆಲೆ 65 ಲಕ್ಷ ರೂಪಾಯಿ. ಈಗ ಇದನ್ನು ಬಿ.ಎಚ್. ರಸ್ತೆಯ ಲೆಕ್ಕಕ್ಕೆ ಒಡ್ಡಿ ನೋಡಬಹುದು.

ಲೆಕ್ಕ ಹಾಕಿ ನೋಡಿದರೆ

ಮೊದಲನೆಯದು ಶಕ್ತಿ. ಒಂದೂಮುಕ್ಕಾಲು ಟನ್ ತೂಕದ ಕಾರು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಸಾಗಲು ಗಾಲಿಯ ಉಜ್ಜಾಟ ಮತ್ತು ಗಾಳಿಯ ತಡೆ, ಎರಡನ್ನೂ ಸೇರಿಸಿದರೆ ಸುಮಾರು 6 ಕುದುರೆ ಸಾಕು. 80 ಕಿ.ಮೀ. ವೇಗಕ್ಕೆ ಸುಮಾರು 14. ಉಳಿದ 386 ಕುದುರೆಗಳು ಲಾಯದಲ್ಲೇ ನಿಂತು ಮೇವು ತಿನ್ನುತ್ತವೆ! ಇದು ಬರಿಯ ಹಾಸ್ಯವಲ್ಲ. ದೊಡ್ಡ ಪೆಟ್ರೋಲ್ ಎಂಜಿನ್ನನ್ನು ಅದರ ಶಕ್ತಿಯ ಸಣ್ಣ ಪಾಲಿನಲ್ಲಿ ಓಡಿಸುವಾಗ ಗಾಳಿಯ ದಾರಿ ಬಹುಪಾಲು ಮುಚ್ಚಿರುತ್ತದೆ. ಆ ಇಕ್ಕಟ್ಟಿನಲ್ಲಿ ಗಾಳಿ ಎಳೆದುಕೊಳ್ಳಲೆಂದೇ, ಎಂಟು ಸಿಲಿಂಡರುಗಳ ಉಜ್ಜಾಟ ನೀಗಲೆಂದೇ ಇಂಧನ ಖರ್ಚಾಗುತ್ತದೆ.

ಎರಡನೆಯದು ಸಮಯ. ದೂರ 18 ಕಿ.ಮೀ. ಎಂದಿಟ್ಟುಕೊಂಡರೆ ಸರಾಸರಿ 40 ಕಿ.ಮೀ. ವೇಗದಲ್ಲಿ 27 ನಿಮಿಷ, 60ರಲ್ಲಿ 18 ನಿಮಿಷ. ಉಳಿತಾಯ ಹೆಚ್ಚೆಂದರೆ 9 ನಿಮಿಷ. ಅದನ್ನೂ ನಿರ್ಧರಿಸುವುದು ಎಂಜಿನ್ನಲ್ಲ, ಮುಂದೆ ಹೋಗುತ್ತಿರುವ ಟ್ರ್ಯಾಕ್ಟರು.

ಮೂರನೆಯದು ನೆಲ. ಮಸ್ಟ್ಯಾಂಗಿನ ಹೊಟ್ಟೆಗೂ ನೆಲಕ್ಕೂ ನಡುವೆ ಇರುವ ಅಂತರ ಸುಮಾರು 137 ಮಿ.ಮೀ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸೂತ್ರದಂತೆ ವೇಗತಡೆಯ ಉಬ್ಬು 3.7 ಮೀಟರ್ ಅಗಲ, 100 ಮಿ.ಮೀ. ಎತ್ತರ ಇರಬೇಕು. ಅಂಥ ಉಬ್ಬನ್ನು ಈ ಕಾರು ಸಲೀಸಾಗಿ ದಾಟುತ್ತದೆ. ತೊಂದರೆ ಇರುವುದು ಸೂತ್ರ ನೋಡದೆ ಕಟ್ಟಿದ ಉಬ್ಬುಗಳಲ್ಲಿ. ಒಂದು ಮೀಟರಿನಷ್ಟೇ ಅಗಲವಾಗಿ 150 ಮಿ.ಮೀ. ಎದ್ದು ನಿಂತ ಉಬ್ಬು ಮುಂಗಾಲಿ ಹಿಂಗಾಲಿಗಳ ನಡುವೆ ಸಿಕ್ಕಿ ಹೊಟ್ಟೆ ಕೆರೆಯುತ್ತದೆ. ಅದನ್ನು ಬೈಯುವುದು ಸುಲಭ. ಆದರೆ ಶಾಲೆಯ ಮುಂದೆ ಮಕ್ಕಳು ರಸ್ತೆ ದಾಟುವ ಕಡೆ ಊರವರಿಗೆ ತೋಚಿದ ರಕ್ಷಣೆ ಅದೊಂದೇ.

ನಾಲ್ಕನೆಯದು ಮಳೆ. ಅಗಲ ಟೈರು ಒಣ ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತದೆ, ನಿಂತ ನೀರಿನ ಮೇಲೆ ತೇಲುವುದೂ ಅದೇ ಬೇಗ. ಶಕ್ತಿಯೆಲ್ಲ ಹಿಂಗಾಲಿಗೆ ಹೋಗುವ ಕಾರಿನಲ್ಲಿ ಪಾದದ ಒತ್ತು ಹದ ತಪ್ಪಿದರೆ ಹಿಂಭಾಗ ಜಾರುತ್ತದೆ. ಕಾರಿನೊಳಗಿನ ಯಂತ್ರಗಳು ಇದನ್ನು ಬಹುಮಟ್ಟಿಗೆ ತಡೆಯುತ್ತವೆ ನಿಜ. ಆದರೂ ಆಗುಂಬೆಯ ನೆರಳಿನ ಜಿಲ್ಲೆಯಲ್ಲಿ ವರ್ಷದ ನಾಲ್ಕು ತಿಂಗಳು ಈ ಕಾರಿನ ಬಲವನ್ನು ಕಟ್ಟಿಹಾಕಿಯೇ ಓಡಿಸಬೇಕು.

ಮಸ್ಟ್ಯಾಂಗಿನ ಪರವಾಗಿ ಹೇಳಬೇಕಾದ ಮಾತೂ ಇದೆ. ಗೇರು ತಾನಾಗಿ ಬದಲಾಗುತ್ತದೆ. ಸಾಮಾನಿಗೆ ಜಾಗವಿದೆ. ಹಿಂದಿನ ಸೀಟಿನಲ್ಲಿ ಮಕ್ಕಳು ಕುಳಿತುಕೊಳ್ಳಬಹುದು. ವೇಗದ ಕಾರುಗಳ ಪೈಕಿ ಸಂಸಾರಕ್ಕೆ ಹತ್ತಿರವಾದದ್ದು ಇದೇ ಇರಬೇಕು. ಬೆಂಗಳೂರಿನ ಕಡೆಗೆ ತೆರೆದ ಹೆದ್ದಾರಿ ಸಿಕ್ಕಾಗ ಅದು ಕೊಡುವ ಸಂತೋಷವನ್ನು ಅಲ್ಲಗಳೆಯಲಾಗದು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಸಂಸ್ಥೆ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ದಿನಬಳಕೆಯ ವಾಹನ ಕೆಟ್ಟಾಗ ಊರಿನ ಮೆಕ್ಯಾನಿಕ್ಕನ ಕೈಗೆ ಸಿಗಬೇಕು. ಮಾಡೆಲ್ ಟಿ ಕಾರನ್ನೂ ಜೀಪನ್ನೂ ಸ್ಪ್ಯಾನರು, ಸುತ್ತಿಗೆ ಇದ್ದವರು ಬಿಚ್ಚಿ ಜೋಡಿಸಿದರು. ಇದನ್ನು ಬಿಚ್ಚಲು ಗಣಕಯಂತ್ರ ಬೇಕು.

ಹಾಗಾದರೆ ಮೊಮ್ಮಗ ಸೋತದ್ದೆಲ್ಲಿ? ಅಜ್ಜ ಗೆದ್ದಲ್ಲಿಯೇ. ಮಾಡೆಲ್ ಟಿ ಹುಟ್ಟಿದ ನೆಲವೂ ಮಲೆನಾಡಿನ ನೆಲವೂ ಕೆಸರಿನಲ್ಲಿ ಒಂದಾಗಿದ್ದವು. ಮಸ್ಟ್ಯಾಂಗ್ ಹುಟ್ಟುವ ವೇಳೆಗೆ ಅವೆರಡೂ ಬೇರೆಯಾಗಿದ್ದವು. ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ಮೇಲೆ ಕಡಲು ದಾಟಿ ಹೋದದ್ದು ಅಮೆರಿಕದ ಕಾರನ್ನು ತರುವುದಕ್ಕಲ್ಲ, ಕಾರು ಮಾಡುವುದನ್ನು ಕಲಿಯುವುದಕ್ಕೆ. ಆ ಕಾರ್ಖಾನೆ ಇಲ್ಲಿಗೆ ಬಂದಿದ್ದರೆ ಅದರಿಂದ ಹೊರಬರುವ ಕಾರಿನ ಹೊಟ್ಟೆ ನೆಲದಿಂದ ಎಷ್ಟು ಅಂಗುಲ ಮೇಲಿರಬೇಕೆಂಬುದನ್ನು ಈ ಬಿ.ಎಚ್. ರಸ್ತೆಯಂಥ ರಸ್ತೆಗಳೇ ಹೇಳುತ್ತಿದ್ದವು.