ಸಂಶೋಧನಾ ಪತ್ರಿಕೆಗಳ ಪ್ರಕಟಣಾ ನೀತಿ
ವಿದ್ವತ್ ಪತ್ರಿಕೆಯ ಲೇಖಕ, ಸಂಪಾದಕ, ವಿಮರ್ಶಕ ಮೂವರೂ ಪಾಲಿಸಬೇಕಾದ ಕಟ್ಟಳೆಗಳು. ಕೃತಿಚೌರ್ಯ, ದತ್ತಾಂಶ ತಿರುಚುವಿಕೆ, ದುಡಿಯದವರ ಹೆಸರನ್ನೂ ಲೇಖಕರ ಸಾಲಿಗೆ ಸೇರಿಸುವುದು ಮುಖ್ಯ ತಪ್ಪುಗಳು. 1997ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ‘ಕೋಪ್’ ಎಂಬ ಪ್ರಕಟಣಾ ನೀತಿ ಸಮಿತಿಯ ಮಾರ್ಗಸೂಚಿಗಳನ್ನು ಹಲವು ದೇಶಗಳ ಸಂಪಾದಕರು ಅನುಸರಿಸುತ್ತಾರೆ.

ದತ್ತಾಂಶ ತಿರುಚುವಿಕೆಗೆ ಒಂದು ಉದಾಹರಣೆ: ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಲೇಖನವೊಂದು 2020ರಲ್ಲಿ ‘ನೇಚರ್ ಕೆಮಿಕಲ್ ಬಯಾಲಜಿ’ಯಲ್ಲಿ ಬಂತು, ಚಿತ್ರಗಳನ್ನು ತಿರುಚಿದ್ದು ಬಯಲಾಗಿ 2021ರಲ್ಲಿ ಅದನ್ನು ಹಿಂಪಡೆಯಲಾಯಿತು. ಅನುಮಾನ ಎತ್ತಿದವರು ಅಚ್ಚಾದ ಮೇಲೆ ಓದಿದವರು, ವಿಮರ್ಶಕರಲ್ಲ ಎಂಬುದು ಗಮನಾರ್ಹ.

ಕೃತಿಚೌರ್ಯದ ಬಗ್ಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಬೇರೆ ಬರಹಗಳೊಂದಿಗೆ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಪಿಎಚ್‌.ಡಿ. ಪ್ರಬಂಧದಲ್ಲಿ ಶೇ. 60 ಮೀರಿದರೆ ನೋಂದಣಿ ರದ್ದು. ಆದರೆ ಈ ಶೇಕಡಾವಾರು ಅಳತೆ ಹಿಡಿಯುವುದು ಪದಗಳ ನಕಲನ್ನು ಮಾತ್ರ. ಬೆಂಗಳೂರಿನ ಚಿತ್ರ ತಿರುಚುವಿಕೆಯಂಥ ಪ್ರಕರಣ ಅದರ ಕಣ್ಣಿಗೆ ಬೀಳುವುದಿಲ್ಲ.