ಉಪ್ಪು, ನೀರು, ಹವಳ: ಒಳನಾಡಿನ ರೀಫ್ ಟ್ಯಾಂಕಿನ ಚರಿತ್ರೆ

ಮನೆಯಲ್ಲಿ ಕಡಲಜೀವಿಗಳನ್ನು ಸಾಕುವ ಹವ್ಯಾಸದ ಚರಿತ್ರೆಯನ್ನು ಪಂಪು, ಫಿಲ್ಟರು, ದೀಪಗಳ ಚರಿತ್ರೆಯಾಗಿ ಹೇಳುವುದೇ ರೂಢಿ. ಹಾವೇರಿ ಜಿಲ್ಲೆಯಲ್ಲಿ ನಿಂತು ನೋಡಿದರೆ ಬೇರೊಂದು ಎಳೆ ಎದ್ದು ಕಾಣುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಯಿಂದ ಶಿರಸಿಯ ಮೇಲೆ ಘಟ್ಟ ಇಳಿದು ಕುಮಟೆಯ ಕಡಲು ಮುಟ್ಟಲು 150 ಕಿಲೋಮೀಟರಿಗೂ ಮಿಗಿಲಾದ ದಾರಿ. ಇಂಥ ಊರಲ್ಲಿ ಇಂದು ಮರೀನ್ ಟ್ಯಾಂಕ್ ಇಡಬಹುದಾಗಿದ್ದರೆ, ಕಡಲನೀರನ್ನು ಕಡಲಿನ ಹಂಗಿನಿಂದ ಬಿಡಿಸಲು ನಡೆದ ದೀರ್ಘ ಪ್ರಯತ್ನವೇ ಅದಕ್ಕೆ ಕಾರಣ. ಆ ಪ್ರಯತ್ನ, ಮತ್ತು 2001ರಲ್ಲಿ ಭಾರತ ಈ ಹವ್ಯಾಸಕ್ಕೆ ಹಾಕಿದ ಎಲ್ಲೆ, ಇವೆರಡೂ ಒಳನಾಡಿನ ಮಟ್ಟಿಗೆ ಯಂತ್ರಗಳಿಗಿಂತ ನಿರ್ಣಾಯಕ ಎಂಬುದು ಈ ಲೇಖನದ ವಾದ.

ಮೀನಿನ ಶಾಸ್ತ್ರ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದೆ. ಕಡಲಿನವು, ಸಿಹಿನೀರಿನವು, ಹುರುಪೆ ಇರುವವು, ಇಲ್ಲದವು ಎಂದು ಅಲ್ಲಿ ಮೀನುಗಳನ್ನು ವಿಂಗಡಿಸಿ, ಅವಕ್ಕೆ ಏನು ಉಣಿಸಬೇಕೆಂದೂ ಹೇಳಿದೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಅದನ್ನು ವಿದ್ವತ್ ಲೋಕದ ಗಮನಕ್ಕೆ ತಂದರು. ಆದರೆ ಅದು ಗಾಳ ಹಾಕುವ ಅರಸನ ವಿನೋದ. ಕಡಲನ್ನೇ ಮನೆಯೊಳಗೆ ತರುವ ಯೋಚನೆ ಮೂಡಿದ್ದು 19ನೆಯ ಶತಮಾನದ ಲಂಡನ್ನಿನಲ್ಲಿ.

ಅದರ ಆರಂಭ ಹವಳದಿಂದಲೇ ಆಯಿತೆಂಬುದು ಗಮನಾರ್ಹ. 1846ರಲ್ಲಿ ಆನ್ನಾ ಥಿನ್ ಎಂಬಾಕೆ ಟಾರ್ಕಿ ಕರಾವಳಿಯ ಕಲ್ಲುಹವಳದ ಜೀವಿಗಳನ್ನು ಜಾಡಿಯಲ್ಲಿಟ್ಟು ಲಂಡನ್ನಿಗೆ ಒಯ್ದರು. ಹೊಸ ಕಡಲನೀರು ದಿನವೂ ಸಿಗುವಂತಿರಲಿಲ್ಲ. ಇದ್ದ ನೀರನ್ನೇ ಉಳಿಸಿಕೊಳ್ಳಲು ಮನೆಗೆಲಸದಾಕೆ ತೆರೆದ ಕಿಟಕಿಯ ಮುಂದೆ ನಿಂತು ಅರ್ಧ ಮುಕ್ಕಾಲು ಗಂಟೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು ಸುರಿದು ಗಾಳಿ ಬೆರೆಸುತ್ತಿದ್ದಳು. ಮರುವರ್ಷ ಕಡಲಪಾಚಿಯನ್ನೂ ಸೇರಿಸಲಾಯಿತು. ಹವಳಗಳು ಸುಮಾರು ಮೂರು ವರ್ಷ ಬದುಕಿದವು. ಟ್ಯಾಂಕಿನ ನೀರನ್ನು ಸದಾ ಅಲುಗಿಸುವ ಇಂದಿನ ವೇವ್‌ಮೇಕರ್ ಮಾಡುವುದು ಆ ಹೆಣ್ಣುಮಗಳು ಕೈಯಾರೆ ಮಾಡಿದ ಕೆಲಸವನ್ನೇ. ಚರಿತ್ರೆಯಲ್ಲಿ ಥಿನ್ ಅವರಿಗೆ ಸಿಕ್ಕ ಗೌರವದಲ್ಲಿ ಆಕೆಗೂ ಪಾಲು ಸಲ್ಲಬೇಕು.

1850ರಲ್ಲಿ ರಾಬರ್ಟ್ ವಾರಿಂಗ್ಟನ್ ಸಸ್ಯ ಮತ್ತು ಪ್ರಾಣಿಗಳ ಸಮತೋಲದ ತತ್ತ್ವವನ್ನು ಪ್ರಕಟಿಸಿದರು. 1853ರಲ್ಲಿ ಲಂಡನ್ ಮೃಗಾಲಯದ ಮೀನುಮನೆ ತೆರೆಯಿತು. ನಮ್ಮ ದೃಷ್ಟಿಯಿಂದ ಮುಖ್ಯವಾದದ್ದು 1854. ಆ ವರ್ಷ ಫಿಲಿಪ್ ಹೆನ್ರಿ ಗಾಸ್ ‘ದಿ ಅಕ್ವೇರಿಯಂ’ ಪುಸ್ತಕದ ಜೊತೆಗೆ ಕೃತಕ ಕಡಲನೀರಿನ ಸೂತ್ರವನ್ನೂ ಕೊಟ್ಟರು: ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್. ಕಡಲಿಲ್ಲದ ಊರುಗಳಿಗೆ ಬಾಗಿಲು ತೆರೆದದ್ದು ಈ ಸೂತ್ರ.

ಕಡಲುಪ್ಪನ್ನೇ ನೀರಿಗೆ ಹಾಕಿದರೆ ಕಡಲನೀರಾಗದೇ ಎಂದು ಯಾರಾದರೂ ಕೇಳಬಹುದು. ಗೋಕರ್ಣದ ಬಳಿಯ ಸಾಣಿಕಟ್ಟಾ ಆಗರಗಳಲ್ಲಿ ಉಪ್ಪು ಆಗುವ ಬಗೆಯೇ ಇದಕ್ಕೆ ಉತ್ತರ. ಕಡಲನೀರು ಬಿಸಿಲಿಗೆ ಆವಿಯಾಗುತ್ತ ಹೋದಂತೆ ಮೊದಲು ಸುಣ್ಣದಂಶ, ಜಿಪ್ಸಂ ತಳಕ್ಕಿಳಿಯುತ್ತವೆ; ಆಮೇಲೆ ಅಡುಗೆ ಉಪ್ಪು ಹರಳುಗಟ್ಟುತ್ತದೆ; ಮೆಗ್ನೀಸಿಯಂ ಬಹುಪಾಲು ಉಳಿದ ಕಹಿನೀರಲ್ಲೇ ನಿಲ್ಲುತ್ತದೆ. ಊಟಕ್ಕೆ ಒಳ್ಳೆಯದಾದ ಉಪ್ಪು ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕಳೆದುಕೊಂಡೇ ಹುಟ್ಟುತ್ತದೆ.

ಭಾರತದಲ್ಲಿ ಸಾರ್ವಜನಿಕ ಕಡಲಮೀನು ಮನೆಗಳು ಮೊದಲು ದಡದಲ್ಲೇ ಹುಟ್ಟಿದವು: 1909ರಲ್ಲಿ ಮದ್ರಾಸಿನ ಮರೀನಾದಲ್ಲಿ, 1951ರಲ್ಲಿ ಮುಂಬಯಿಯ ತಾರಾಪೋರೆವಾಲಾ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಎಂದರೆ ತಾರಾಪೋರೆವಾಲಾ ತೆರೆದಾಗ ಅದು ನಮ್ಮವರದೇ ರಾಜಧಾನಿಯ ಸಂಸ್ಥೆ. ಕರ್ನಾಟಕದೊಳಗೆ ಮೀನುಗಾರಿಕೆಯ ವಿದ್ಯೆಗೆ ನೆಲೆ ಸಿಕ್ಕಿದ್ದು 1969ರಲ್ಲಿ, ಮಂಗಳೂರಿನ ಮೀನುಗಾರಿಕಾ ಕಾಲೇಜಿನಿಂದ.

ಮನೆಯ ಟ್ಯಾಂಕಿನಲ್ಲಿ ಹವಳ ನಿಜವಾಗಿ ಬೆಳೆಯತೊಡಗಿದ್ದು ಇನ್ನೂ ಈಚೆಗೆ. 1960ರ ಸುಮಾರಿಗೆ ಇಂಡೊನೇಷ್ಯಾದ ಲೀ ಚಿನ್ ಎಂಗ್, ಜೀವಿಗಳು ನೆಲೆಸಿದ ಕಡಲಕಲ್ಲನ್ನೇ ಟ್ಯಾಂಕಿಗಿಟ್ಟು ಬರೀ ಗಾಳಿಗುಳ್ಳೆಗಳಿಂದ ನೀರನ್ನು ಸುಸ್ಥಿತಿಯಲ್ಲಿಟ್ಟರು. ಕಲ್ಲಿನ ರಂಧ್ರಗಳಲ್ಲಿರುವ ಬ್ಯಾಕ್ಟೀರಿಯಾ ಮೀನಿನ ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಆಗಿಸುತ್ತವೆ. ಅದೇ ದಶಕದಲ್ಲಿ ಜರ್ಮನರು ಕೊಳೆಯನ್ನು ನೊರೆಯಾಗಿ ಎತ್ತಿ ಹಾಕುವ ಪ್ರೊಟೀನ್ ಸ್ಕಿಮ್ಮರ್ ಬಳಸತೊಡಗಿದರು. 1973ರಲ್ಲಿ ಪೀಟರ್ ವಿಲ್ಕೆನ್ಸ್ ಹವಳಕ್ಕೆ ಕ್ಯಾಲ್ಸಿಯಂ ಒದಗಿಸಲು ಸುಣ್ಣದ ತಿಳಿನೀರನ್ನು ಸೂಚಿಸಿದರು: ಎಲೆಯಡಿಕೆಗೆ ಹಚ್ಚುವ ಸುಣ್ಣದ ಮೂಲವಸ್ತುವೇ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್.

ಹವ್ಯಾಸ ಬೆಳೆದಂತೆ ಕಡಲಿಗೆ ನಷ್ಟವೂ ಆಯಿತು. ಇಂಗ್ಲೆಂಡಿನ ಬಂಡೆಗುಂಡಿಗಳು ಸಂಗ್ರಹಕಾರರಿಂದ ಬರಿದಾದುದನ್ನು ಗಾಸ್ ಅವರ ಮಗ ಎಡ್ಮಂಡ್ 1907ರ ಆತ್ಮಕಥನದಲ್ಲಿ ನೋವಿನಿಂದ ದಾಖಲಿಸಿದ್ದಾರೆ. ಭಾರತದಲ್ಲಿ 2001ರ ಜುಲೈ 11ರ ಅಧಿಸೂಚನೆ, ಎಲ್ಲ ಕಲ್ಲುಹವಳ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿತು. ಅದೇ ವರ್ಷ ಕಡಲಕುದುರೆಗಳಿಗೂ ಆ ರಕ್ಷಣೆ ಸಿಕ್ಕಿತು. ಉಲ್ಲಂಘನೆಗೆ ಮೂರರಿಂದ ಏಳು ವರ್ಷ ಸೆರೆ. ಹವ್ಯಾಸಿಗಳಲ್ಲಿ ಕೆಲವರಿಗೆ ಇದು ಅಡ್ಡಿಯಾಗಿ ಕಂಡಿದೆ. ಮುರ್ಡೇಶ್ವರದಾಚೆಯ ನೇತ್ರಾಣಿಯ ಹವಳ ನೇತ್ರಾಣಿಯಲ್ಲೇ ಇರಬೇಕೆನ್ನುವ ನನಗೆ ಆ ಕಾನೂನು ಸರಿಯೆನಿಸುತ್ತದೆ. ಅಂಗಡಿಯಲ್ಲಿ ಯಾರಾದರೂ ದೇಶೀ ಕಲ್ಲುಹವಳ ತೋರಿಸಿದರೆ ಹಿಂದೆ ಸರಿಯಬೇಕು.

ಹಾಗಾದರೆ ಹಲಗೇರಿಯ ಮನೆಯಲ್ಲಿ ಏನು ಸಾಧ್ಯ? ಮೊದಲ ಪ್ರಶ್ನೆ ನೀರಿನದು. ಕೊಳವೆಬಾವಿಯ ಗಡಸುನೀರಿಗೆ ಉಪ್ಪು ಬೆರೆಸಿದರೆ ಬೇಡದ ಖನಿಜ, ನೈಟ್ರೇಟ್‌ಗಳೂ ಟ್ಯಾಂಕಿಗೆ ಬಂದು ಪಾಚಿ ಕವಿಯುತ್ತದೆ. ಹಳ್ಳಿಗಳಿಗೆ ಬಂದ ಶುದ್ಧ ಕುಡಿಯುವ ನೀರಿನ ಘಟಕಗಳು ಇಲ್ಲಿ ಹೊಸ ದಾರಿ ಮಾಡಿಕೊಟ್ಟಿವೆ. 20 ಲೀಟರಿನ ಹತ್ತು ಕ್ಯಾನು ತಂದರೆ 200 ಲೀಟರಿನ ಟ್ಯಾಂಕ್ ತುಂಬುತ್ತದೆ. ಆ ನೀರಿನಲ್ಲಿ ಕರಗಿದ ಲವಣಾಂಶವನ್ನು ಟಿಡಿಎಸ್ ಮೀಟರಿನಲ್ಲಿ ಅಳೆಯುವುದನ್ನು ಮಾತ್ರ ಬಿಡಬಾರದು. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಕೃತಕ ಕಡಲನೀರಿಗೆಂದೇ ತಯಾರಿಸಿದ ಮರೀನ್ ಸಾಲ್ಟ್ ಸುಮಾರು 7 ಕಿಲೋ ಬೇಕು, ಸಾಂದ್ರತೆ 1.025ರ ಆಸುಪಾಸಿನಲ್ಲಿರಬೇಕು. ಬೇಸಗೆಯ ಒಣಗಾಳಿಗೆ ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದ್ದರಿಂದ ದಿನವೂ ತುಂಬಿಸಬೇಕಾದದ್ದು ಉಪ್ಪಿಲ್ಲದ ಅದೇ ಶುದ್ಧನೀರು. ಕರೆಂಟು ಹೋದಾಗ ನೀರು ನಿಂತರೆ ಆಮ್ಲಜನಕ ಇಳಿಯುತ್ತದೆ. ಬ್ಯಾಟರಿಯ ಏರ್ ಪಂಪ್ ಸದಾ ಸಿದ್ಧವಿರಬೇಕು. ಉಷ್ಣತೆ 24ರಿಂದ 27 ಡಿಗ್ರಿಯೊಳಗೆ ನಿಲ್ಲಬೇಕಾದ್ದರಿಂದ ಏಪ್ರಿಲ್ ಮೇ ತಿಂಗಳಲ್ಲಿ ನೀರು ತಣಿಸುವ ಚಿಲ್ಲರ್‌ನ ಖರ್ಚನ್ನು ಮೊದಲೇ ಲೆಕ್ಕ ಹಾಕುವುದು ಕ್ಷೇಮ.

ಕಡಲಿಂದ ಕಿತ್ತ ಕಲ್ಲಿನ ಬದಲು ಒಣಕಲ್ಲು ಸಾಕು. ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಕೊಡಬೇಕು. ಮೀನಿಗೂ ಕಡಲನ್ನು ಕಾಡಬೇಕಾಗಿಲ್ಲ. ಮಂಡಪಂನ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಪರಂಗಿಪೇಟೆಯ ಅಣ್ಣಾಮಲೈ ವಿಶ್ವವಿದ್ಯಾಲಯದ ಕೇಂದ್ರವೂ ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನವನ್ನು ಸಿದ್ಧಿಸಿಕೊಂಡಿವೆ. ಹ್ಯಾಚರಿಯ ಮರಿಗಳಿಗೆ ಒಣ ಆಹಾರ ಅಭ್ಯಾಸವಾಗಿರುತ್ತದೆ, ಕಡಲಲ್ಲಿ ಅವುಗಳಿಗೆ ಆಸರೆಯಾಗುವ ಆನಿಮೋನ್ ಇಲ್ಲದೆಯೂ ಬಾಳುತ್ತವೆ. ಈ ಜಾತಿಯಲ್ಲಿ ಮರಿಗಳು ಬೆಳೆದು ಮೊದಲು ಗಂಡಾಗುತ್ತವೆ. ಜೋಡಿಯಲ್ಲಿ ದೊಡ್ಡದು ಮುಂದೆ ಹೆಣ್ಣಾಗುತ್ತದೆ. ಆದ್ದರಿಂದ ಗಂಡು ಹೆಣ್ಣು ಹುಡುಕುವ ತೊಡಕಿಲ್ಲ: ಗಾತ್ರದಲ್ಲಿ ತುಸು ಹೆಚ್ಚುಕಡಿಮೆ ಇರುವ ಎರಡು ಮರಿಗಳನ್ನು ತಂದು, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಬಿಟ್ಟರಾಯಿತು.