ಪುಷ್ಪರಾಗ: ವರ್ಣವಿಚಾರ ಮತ್ತು ಅರ್ಥನಿರ್ಣಯ

ಇಂದಿನ ಬೀದರ ಜಿಲ್ಲೆಯ ನಿರ್ಣಾ, ಹುಮನಾಬಾದ ಪ್ರದೇಶವು ಕಲ್ಯಾಣಕ್ಕೆ ಸಮೀಪವರ್ತಿಯಾದುದು. ಆ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ.ಶ. 1130ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜಕೋಶದ ನಿರೂಪಣೆಯೊಡನೆ ರತ್ನಪರೀಕ್ಷೆಯೂ ಬಂದಿರುವುದು ವಿದ್ವಾಂಸರಿಗೆ ವಿದಿತವೇ ಇದೆ. ರತ್ನಶಾಸ್ತ್ರ ಪರಂಪರೆಯ 'ಪುಷ್ಪರಾಗ' ಶಬ್ದಕ್ಕೆ 'ಟೋಪಾಜ್' ಎಂದು ಅರ್ಥ ಬರೆಯುವುದು ರೂಢಿಯಾಗಿದೆ. ಈ ಅರ್ಥವು ಪರಿಶೀಲನಾರ್ಹವಾದುದು.

ಮೊದಲು ಪಾಠವಿಚಾರ. ಸಂಸ್ಕೃತ ಗ್ರಂಥಗಳಲ್ಲಿ 'ಪುಷ್ಪರಾಗ', ಕನ್ನಡದ ಬಳಕೆಯಲ್ಲಿ 'ಪುಷ್ಯರಾಗ' ಎಂಬ ರೂಪಗಳು ಕಾಣುತ್ತವೆ. ನಾಗರೀ ಲಿಪಿಯಲ್ಲಿ 'ಷ್ಪ', 'ಷ್ಯ'ಗಳು ಬಹು ಸದೃಶವಾದುವು. ಲಿಪಿಕಾರನ ಕಣ್ಣು ತಪ್ಪುವುದು ಸುಲಭ. ಪುಷ್ಯ ನಕ್ಷತ್ರಕ್ಕೆ ಬೃಹಸ್ಪತಿಯು ಅಧಿದೇವತೆ, ಹಳದಿ ರತ್ನವೂ ಗುರುಗ್ರಹಕ್ಕೇ ಸಲ್ಲತಕ್ಕದ್ದು ಎಂಬ ಭಾವನೆಯು ಎರಡನೆಯ ರೂಪಕ್ಕೆ ಬಲ ಕೊಟ್ಟಿರಬಹುದು.

ಇನ್ನು ವಸ್ತುನಿರ್ಣಯ. ಗರುಡಪುರಾಣದ ರತ್ನಪ್ರಕರಣವು ಇದನ್ನು ಬಿಳುಪು ಬೆರೆತ ನಸುಹಳದಿಯ ರಮ್ಯವಾದ ಕಲ್ಲೆಂದು ವರ್ಣಿಸಿ, ಕೆಂಪು ಕೂಡಿದಾಗ, ನೀಲಚ್ಛಾಯೆ ತೋರಿದಾಗ ಬೇರೆ ಬೇರೆ ಹೆಸರುಗಳನ್ನು ಹೇಳುತ್ತದೆ. ಬೆಲೆಯನ್ನು ವೈಡೂರ್ಯದಂತೆಯೇ ಎಣಿಸುತ್ತದೆ. ಗಮನಾರ್ಹವಾದ ಮಾತು ಇದು: ಅದೇ ಕಲ್ಲು ಅತ್ಯಂತ ಕೆಂಪಾದರೆ ಪದ್ಮರಾಗ, ಚೆನ್ನಾಗಿ ನೀಲವಾದರೆ ಇಂದ್ರನೀಲ. ಆಧುನಿಕ ಖನಿಜಶಾಸ್ತ್ರದಂತೆ ಈ ಲಕ್ಷಣವು ಕುರುಂದದ ಕಲ್ಲಿಗೆ ಮಾತ್ರ ಹೊಂದುತ್ತದೆ. ಅದರಲ್ಲಿ ಕ್ರೋಮಿಯಂ ಸೇರಿದರೆ ಕೆಂಪು, ಕಬ್ಬಿಣ ಮತ್ತು ಟೈಟೇನಿಯಂ ಸೇರಿದರೆ ನೀಲಿ, ಕಬ್ಬಿಣದಿಂದ ಹಳದಿ. ಟೋಪಾಜಿನಲ್ಲಿಯೂ ಜೇನುಹಳದಿ, ಕಂದು, ನಸುಗೆಂಪು, ತಿಳಿನೀಲಿಗಳ ಮನೋಹರತೆಯುಂಟು. ಆದರೆ ಅದು ಪದ್ಮರಾಗವಾಗಲಾರದು. ಕಾಠಿಣ್ಯದಲ್ಲಿ ಕುರುಂದವು 9, ಟೋಪಾಜ್ 8. ಸಾಪೇಕ್ಷ ಸಾಂದ್ರತೆಯಲ್ಲಿ ಸುಮಾರು 4 ಮತ್ತು 3.5. ಆದುದರಿಂದ ಈ ಪಾಠದ ಪುಷ್ಪರಾಗವು ಹಳದಿ ನೀಲಮಣಿಯೆಂದು, ಅಂದರೆ ಇಂದ್ರನೀಲದ ಸಜಾತೀಯವೆಂದು ಭಾವಿಸುವುದೇ ಯುಕ್ತ. ಹೆಸರು ಒಂದು ಕಲ್ಲಿನಿಂದ ಇನ್ನೊಂದಕ್ಕೆ ಸರಿಯುವುದು ಅನ್ಯತ್ರವೂ ಉಂಟು: ರೋಮಿನ ಪ್ಲಿನಿಯು ಕೆಂಪು ಸಮುದ್ರದ ದ್ವೀಪದ್ದೆಂದು ಹೇಳಿದ 'ಟೋಪಾಜ್' ಹಸಿರು ಪೆರಿಡಾಟ್ ಎಂಬುದು ವಿದ್ವಾಂಸರ ಅಭಿಮತ.

ಈ ವಿಷಯದಲ್ಲಿ ನಮಗೆ ಮಾರ್ಗದರ್ಶಿಯಾದವನು ಜೈನ ವಿದ್ವಾಂಸ ಠಕ್ಕುರ ಫೇರೂ. ಕ್ರಿ.ಶ. 1315ರಲ್ಲಿ ಪ್ರಾಕೃತದಲ್ಲಿ 'ರಯಣಪರಿಕ್ಖಾ' ರಚಿಸಿದ ಆತನು ಪೂರ್ವಶಾಸ್ತ್ರಗಳನ್ನು ನೋಡಿದ್ದಲ್ಲದೆ, ಅಲ್ಲಾವುದ್ದೀನ ಖಿಲ್ಜಿಯ ಭಂಡಾರದ ರತ್ನರಾಶಿಯನ್ನೂ ಕಣ್ಣಾರೆ ಕಂಡಿದ್ದನು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿರುವಂತಹ ರತ್ನಬಿಂಬಗಳನ್ನು ವರ್ಣಿಸುವಾಗಲೂ, ಹಸ್ತಪ್ರತಿಗಳಿಗೆ ಟಿಪ್ಪಣಿ ಬರೆಯುವಾಗಲೂ ಪರಂಪರೆಯ ಹೆಸರು, ಕಾಣುವ ಬಣ್ಣ, ಪರೀಕ್ಷೆಯಿಂದ ತಿಳಿದ ಜಾತಿ ಈ ಮೂರನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ನಿಘಂಟಿನ ಅರ್ಥವನ್ನು ಮೂಲದ ಮೇಲೆ ಹೊರಿಸಿದರೆ ಶಾಸ್ತ್ರಕಾರರ ಸೂಕ್ಷ್ಮ ವರ್ಣವಿವೇಕವು ಮುಂದಿನ ಓದುಗರಿಗೆ ಮರೆಯಾಗುತ್ತದೆ.